ಪುಕ್ಕಟೆ ಷೇರು ಸಲಹೆ: ಮಾರುವವನು ಯಾರು?



ಹಿಂಗಾರಿ ಬಿತ್ತನೆಗೆ ಮುಂಚಿತವಾಗಿ ನಡೆಯುವ ತರಬೇತಿಗಳಲ್ಲಿ ಕಡಲೆಯ ಬೀಜೋಪಚಾರ, ಬಿಳಿಜೋಳದ ಸಾಲಿನ ಅಂತರ, ತೇವಾಂಶ ರಕ್ಷಣೆ ಇವುಗಳ ಬಗೆಗೆ ಪ್ರಶ್ನೆಗಳು ಬರುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ರೈತರು ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ಚಹದ ವೇಳೆಗೆ ಪಕ್ಕಕ್ಕೆ ಕರೆದು, ಮೊಬೈಲ್ ತೆಗೆದು ತೋರಿಸಿ, “ಈ ಷೇರು ಹದಿನೈದು ದಿನದಾಗ ಎರಡು ಪಟ್ಟು ಆಗತೈತಿ ಅಂತಾರ್ರೀ ಸರ, ಖರೇ ಏನ್ರೀ?” ಎನ್ನುತ್ತಾರೆ. ಬೇಸಾಯಶಾಸ್ತ್ರದವನಿಗೆ ಷೇರುಪೇಟೆಯ ಉಸಾಬರಿ ಏಕೆಂದು ಕೆಲವರಿಗೆ ಅನ್ನಿಸಬಹುದು. ಬಿತ್ತನೆಗೆಂದು ಇಟ್ಟ ಹಣ ಕೂರಿಗೆ ಹೊಲಕ್ಕೆ ಇಳಿಯುವ ಮೊದಲೇ ಹೋದರೆ ನಾವು ಶಿಫಾರಸು ಮಾಡುವ ಬೀಜ, ಗೊಬ್ಬರ, ಅಂತರ ಎಲ್ಲವೂ ಕಾಗದದ ಮೇಲೆಯೇ ಉಳಿಯುತ್ತವೆ. ಆದುದರಿಂದ ಈ ವಿಷಯ ನಮಗೂ ಸೇರಿದ್ದು.

ಇಂಥ ಸಂದೇಶಗಳ ಬಗೆಗೆ ನಗರದವರು ಕೊಡುವ ಬುದ್ಧಿವಾದ ಒಂದೇ: ನಂಬಲಾರದಷ್ಟು ಲಾಭ ತೋರಿಸಿದರೆ ಮೋಸವೆಂದು ತಿಳಿಯಿರಿ. ತಿಂಗಳ ಸಂಬಳದವರಿಗೆ ಈ ಮಾತು ಸಾಕಾಗಬಹುದು. ಒಣಬೇಸಾಯದ ರೈತನಿಗೆ ಇದು ಸಾಲದೆಂಬುದು ನನ್ನ ಅಭಿಪ್ರಾಯ. ಎರಡು ಪಟ್ಟಾಗುವುದು, ಅರ್ಧಕ್ಕೆ ಇಳಿಯುವುದು, ಪೂರ್ತಿ ಮುಳುಗುವುದು ಇವೆಲ್ಲ ಅವನ ಕಣ್ಣೆದುರಿಗೆ ವರ್ಷ ವರ್ಷವೂ ನಡೆಯುವ ಸಂಗತಿಗಳು. ಮುಂಗಾರಿ ಮಳೆ ಕೈಗೂಡಿದರೆ 65-70 ದಿವಸದ ಹೆಸರು ಬೆಳೆ ಹಾಕಿದ ಖರ್ಚಿನ ಎರಡು ಪಟ್ಟು ತಂದುಕೊಡುವುದುಂಟು. ಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಗಿಡದಲ್ಲಿಯೇ ಮೊಳೆಯುವುದೂ ಉಂಟು.

ಉಳ್ಳಾಗಡ್ಡಿಯನ್ನೇ ನೋಡಿ. 2019ರ ಡಿಸೆಂಬರಿನಲ್ಲಿ ಅದರ ಚಿಲ್ಲರೆ ದರ ಕಿಲೋಗೆ 100 ರೂಪಾಯಿ ದಾಟಿತ್ತು. 2022ರ ನವೆಂಬರಿನಲ್ಲಿ ನಮ್ಮ ಗದಗ ಜಿಲ್ಲೆಯ ರೈತರೊಬ್ಬರು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ 205 ಕಿಲೋ ಉಳ್ಳಾಗಡ್ಡಿ ಒಯ್ದರು. ಕ್ವಿಂಟಲಿಗೆ 200 ರೂಪಾಯಿಯಂತೆ 410 ರೂಪಾಯಿ ಆಯಿತು. ಹಮಾಲಿ 24 ರೂಪಾಯಿ, ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಲೆಕ್ಕಪಟ್ಟಿ ನಾಡೆಲ್ಲ ಹರಿದಾಡಿದ್ದು ತಮಗೆ ನೆನಪಿರಬಹುದು. ಮೂರು ವರ್ಷದೊಳಗೆ ಇಷ್ಟು ಅಂತರ ಕಂಡವನಿಗೆ ‘ಹದಿನೈದು ದಿನದಲ್ಲಿ ದುಪ್ಪಟ್ಟು’ ಎಂಬ ಮಾತು ಹುಚ್ಚುಮಾತಾಗಿ ಕೇಳಿಸುವುದಿಲ್ಲ. ಹಣ ಕಳೆದುಕೊಂಡ ರೈತನನ್ನು ಆಶೆಬುರುಕನೆಂದು ಹೀಗಳೆಯುವವರು ಇದನ್ನು ಅರಿಯರು.

ಹಾಗಾದರೆ ರೈತನು ಮೋಸವನ್ನು ಗುರುತಿಸುವುದು ಹೇಗೆ? ಲಾಭದ ಗಾತ್ರವನ್ನು ನೋಡಿ ಅಲ್ಲ, ಲಾಭದ ಕಾರಣವನ್ನು ಕೇಳಿ. 2019ರಲ್ಲಿ ದರ ಏರಲು ಕಾರಣವಿತ್ತು. ಆ ವರ್ಷ ಮಹಾರಾಷ್ಟ್ರದಲ್ಲಿಯೂ ನಮ್ಮಲ್ಲಿಯೂ ಅತಿವೃಷ್ಟಿಯಿಂದ ಮುಂಗಾರಿ ಗಡ್ಡೆ ಹೊಲದಲ್ಲಿಯೇ ಕೊಳೆತು ಆವಕ ಕುಸಿದಿತ್ತು. 2022ರಲ್ಲಿ ದರ ಬೀಳಲೂ ಕಾರಣವಿತ್ತು. ಮಳೆಗೆ ಸಿಕ್ಕ ನಮ್ಮ ಭಾಗದ ಗಡ್ಡೆ ಸಣ್ಣದಾಗಿ, ಹೊರಗಿನ ಒಳ್ಳೆಯ ಮಾಲಿನೆದುರು ನಿಲ್ಲಲಿಲ್ಲ. ಕಟ್ಟೆಯ ಮೇಲೆ ಕುಳಿತ ಯಾವ ಹಿರಿಯರಾದರೂ ಈ ಕಾರಣಗಳನ್ನು ಹೇಳಬಲ್ಲರು. ಮೊಬೈಲಿಗೆ ಬಂದ ಸಂದೇಶದಲ್ಲಿ ಮಾತ್ರ ಕಂಪನಿಯ ಹೆಸರು, ಇಂದಿನ ದರ, ನಾಳಿನ ದರ ಇಷ್ಟೇ ಇರುತ್ತದೆ. ನಾಳಿನ ದರ ಏಕೆ ಏರಬೇಕೆಂಬುದು ಇರುವುದಿಲ್ಲ. ಇದ್ದರೂ ‘ಒಳಗಿನ ಸುದ್ದಿ’, ‘ದೊಡ್ಡ ಕಂಪನಿ ಕೊಳ್ಳಲಿದೆ’ ಎಂಬಷ್ಟೇ. ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ಅಷ್ಟು ಲಾಭದ ಮಾಲನ್ನು ನನಗೆ ಮಾರುತ್ತಿರುವವನು ಯಾರು, ಅವನೇಕೆ ಇಟ್ಟುಕೊಳ್ಳುವುದಿಲ್ಲ?

ಈ ಮೋಸದ ರೀತಿಯನ್ನು ಪೇಟೆಯ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಪ್ರಾಂಗಣಕ್ಕೆ ಐದು ಸಾವಿರ ಚೀಲ ಮೆಣಸಿನಕಾಯಿ ಬಂದ ದಿವಸ ಯಾವ ಒಬ್ಬ ವ್ಯಾಪಾರಿಯೂ ದರವನ್ನು ತನ್ನ ಮನಸ್ಸಿನಂತೆ ಏರಿಸಲಾರ. ಎರಡೇ ಚೀಲ ಬಂದ ದಿವಸ ಏರಿಸಬಲ್ಲ. ಒಬ್ಬನ ಗೋದಾಮಿನಲ್ಲಿ ಬೂಸ್ಟು ಹಿಡಿದ ನೂರು ಚೀಲ ಇವೆಯೆನ್ನಿ. ಅವನು ಎರಡು ಚೀಲ ಹೊರಗಿಟ್ಟು ತನ್ನವರೇ ಇಬ್ಬರನ್ನು ಸವಾಲಿಗೆ ನಿಲ್ಲಿಸುತ್ತಾನೆ. ಅವರು ಪೈಪೋಟಿಯಿಂದ ಐದು ಸಾವಿರದ ಮಾಲನ್ನು ಇಪ್ಪತ್ತು ಸಾವಿರಕ್ಕೆ ಒಯ್ಯುತ್ತಾರೆ. ಹಣ ಒಂದು ಕಿಸೆಯಿಂದ ಅದೇ ಮನೆಯ ಇನ್ನೊಂದು ಕಿಸೆಗೆ ಹೋಯಿತು, ಅಷ್ಟೆ. ಫಲಕದ ಮೇಲೆ ಮಾತ್ರ ಇಪ್ಪತ್ತು ಸಾವಿರವೆಂದು ಬಿತ್ತು. ಅಂದೇ ಊರೂರಿಗೆ ಡಂಗುರ ಹೊಯ್ಯಿಸುತ್ತಾನೆ: ದರ ಏರುತ್ತಿದೆ, ನಾಳೆ ಮೂವತ್ತಾಗುವುದು, ಈಗಲೇ ಕೊಳ್ಳಿರಿ. ಓಡಿ ಬಂದವರಿಗೆ ಉಳಿದ ತೊಂಬತ್ತೆಂಟು ಚೀಲ ದಾಟಿಸಿ ಬಾಗಿಲು ಹಾಕುತ್ತಾನೆ. ಕೊಂಡವರು ಚೀಲ ಬಿಚ್ಚಿದಾಗ ಬೂಸ್ಟಿನ ವಾಸನೆ.

ಷೇರುಪೇಟೆಯಲ್ಲಿ ಹೆಸರೂ ಕೇಳದ ಸಣ್ಣ ಕಂಪನಿಗಳ ಷೇರುಗಳು ಇಂಥ ಎರಡು ಚೀಲದ ಪೇಟೆಗಳು. ಇಲ್ಲಿ ಇನ್ನೊಂದು ತೊಡಕೂ ಇದೆ. ದಿನವೊಂದಕ್ಕೆ ಷೇರಿನ ದರ ಇಂತಿಷ್ಟೇ ಏರಬಹುದು, ಇಳಿಯಬಹುದು ಎಂಬ ಮಿತಿಯನ್ನು ಅನೇಕ ಷೇರುಗಳಿಗೆ ವಿಧಿಸಿರುತ್ತಾರೆ. ಈ ಮಿತಿ ನೂರಕ್ಕೆ 5 ಇದೆಯೆಂದು ತಿಳಿಯೋಣ. ಮಾರುವವರು ಸಾವಿರಾರು, ಕೊಳ್ಳುವವರು ಯಾರೂ ಇಲ್ಲದಾಗ ದಿನವೂ ಪೇಟೆ ತೆರೆದ ಕೂಡಲೇ ದರ ಆ ತಳಕ್ಕೆ ಬಿದ್ದು ಅಲ್ಲಿಯೇ ನಿಲ್ಲುತ್ತದೆ. ಹತ್ತು ದಿನ ಹೀಗಾದರೆ 100 ರೂಪಾಯಿಯ ಷೇರು 60ಕ್ಕೆ ಬಂದಿರುತ್ತದೆ, ಮತ್ತು ಆ ಹತ್ತೂ ದಿನ ನೀವು ಮಾರಲು ಪ್ರಯತ್ನಿಸಿದರೂ ನಿಮ್ಮ ಷೇರು ಹೋಗಿರುವುದಿಲ್ಲ. ನಷ್ಟಕ್ಕಾದರೂ ಸರಿ, ಮಾರಿ ಹೊರಬರುತ್ತೇನೆ ಎಂಬುದು ಸಂತೆಯಲ್ಲಿ ಸಾಧ್ಯ. ಇಲ್ಲಿ ಅದೂ ಇಲ್ಲ.

ಇದೇನೂ ಹೊಸ ಪಿಡುಗಲ್ಲ. ಅಮೆರಿಕೆಯಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಇಂಥ ಸಲಹೆಗಳು ಇ-ಮೇಲ್ ಮೂಲಕ ಕೋಟಿಗಟ್ಟಲೆ ಜನರಿಗೆ ಹೋಗುತ್ತಿದ್ದವು. ಲಾರಾ ಫ್ರೀಡರ್ ಮತ್ತು ಜೊನಾಥನ್ ಜಿಟ್ರೇನ್ ಎಂಬ ವಿದ್ವಾಂಸರು 2004ರ ಜನವರಿಯಿಂದ 2005ರ ಜುಲೈವರೆಗಿನ ಇಂಥ ಸಂದೇಶಗಳನ್ನು ಷೇರು ದರಗಳೊಡನೆ ಹೋಲಿಸಿ ನೋಡಿದರು. ಸಂದೇಶ ಜೋರಾಗಿ ಹರಿದ ದಿನ ಕೊಂಡವನು ಎರಡೇ ದಿನದಲ್ಲಿ ನೂರಕ್ಕೆ ಸುಮಾರು ಐದು ಕಳೆದುಕೊಂಡಿದ್ದ. ಮೊದಲೇ ಕೊಂಡಿಟ್ಟು ಸಂದೇಶ ಕಳಿಸಿದವನಿಗೆ ಹೆಚ್ಚುಕಡಿಮೆ ಅಷ್ಟೇ ಲಾಭವಾಗಿತ್ತು. 2007ರ ಮಾರ್ಚ್ 8ರಂದು ಅಲ್ಲಿನ ಷೇರು ನಿಯಂತ್ರಣ ಆಯೋಗ ಇಂಥ 35 ಕಂಪನಿಗಳ ವಹಿವಾಟನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಈ ದಂಧೆಯಲ್ಲಿ ಹೆಸರಾಗಿದ್ದ ಮಿಶಿಗನ್ ರಾಜ್ಯದ ಅಲನ್ ರಾಲ್ಸ್ಕಿ ಎಂಬವನಿಗೆ 2009ರಲ್ಲಿ ನಾಲ್ಕು ವರ್ಷಕ್ಕೂ ಮಿಕ್ಕಿ ಸೆರೆವಾಸವಾಯಿತು.

ನಮ್ಮ ದೇಶದಲ್ಲಿ ಇ-ಮೇಲಿನ ಕೆಲಸವನ್ನು ಮೊಬೈಲ್ ಸಂದೇಶ, ವಾಟ್ಸಾಪ್, ಟೆಲಿಗ್ರಾಂ, ಯೂಟ್ಯೂಬ್ ಮಾಡುತ್ತಿವೆ. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯ ಪ್ರಕರಣವನ್ನು ತಾವು ತಿಳಿದಿರಬೇಕು. 2022ರ ಜುಲೈ ತಿಂಗಳಲ್ಲಿ, ಈ ಕಂಪನಿಯನ್ನು ಅದಾನಿ ಸಮೂಹ ಕೊಳ್ಳಲಿದೆ ಎಂಬ ಸುಳ್ಳು ಸುದ್ದಿಯನ್ನು ಯೂಟ್ಯೂಬಿನಲ್ಲಿ ಹರಿಯಬಿಟ್ಟರು. ಅದರ ಸಣ್ಣ ಷೇರುದಾರರ ಸಂಖ್ಯೆ ಸುಮಾರು 2,000ದಿಂದ 55,000ಕ್ಕೆ ಏರಿತು. ಜನ ಮುಗಿಬಿದ್ದು ಕೊಳ್ಳುವಾಗ ಮಾರುತ್ತಿದ್ದವರಲ್ಲಿ ಕಂಪನಿಯ ಪ್ರವರ್ತಕರ ಕಡೆಯವರೂ ಇದ್ದರು. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ‘ಸೆಬಿ’ 2023ರ ಮಾರ್ಚ್ 2ರಂದು ಮಧ್ಯಂತರ ಆದೇಶ ಹೊರಡಿಸಿ ಅವರ 41.85 ಕೋಟಿ ರೂಪಾಯಿಯ ಅಕ್ರಮ ಲಾಭವನ್ನು ತಡೆಹಿಡಿಯಿತು. ಅಂತಿಮ ಆದೇಶ ಬಂದು 59 ಜನರಿಗೆ ಪೇಟೆಯಿಂದ ನಿಷೇಧವಾದದ್ದು 2025ರ ಮೇ ತಿಂಗಳಲ್ಲಿ. ಅಂದರೆ ಮೂರು ಮುಂಗಾರಿ, ಮೂರು ಹಿಂಗಾರಿ ಕಳೆದ ಮೇಲೆ. ಕಾನೂನು ತನ್ನ ಕೆಲಸವನ್ನು ಮಾಡುತ್ತದೆ ನಿಜ. ಬಿತ್ತನೆಯ ಹದ ಅದಕ್ಕಾಗಿ ಕಾಯುವುದಿಲ್ಲ.

ಕೃಷಿಯ ಹೆಸರು ಕೇಳಿದರೆ ನಮ್ಮವರಿಗೆ ಇನ್ನಷ್ಟು ನಂಬಿಕೆ. ಭಾರತ್ ಗ್ಲೋಬಲ್ ಡೆವಲಪರ್ಸ್ ಎಂಬ ಕಂಪನಿಯ ಷೇರು 2023ರ ನವೆಂಬರಿನಲ್ಲಿ 16 ರೂಪಾಯಿಯ ಆಸುಪಾಸಿನಲ್ಲಿದ್ದದ್ದು ಒಂದೇ ವರ್ಷದಲ್ಲಿ 1,700 ದಾಟಿತು. ಕೃಷಿ ಉತ್ಪನ್ನಗಳ ಪೂರೈಕೆಯೂ ಸೇರಿದಂತೆ ಹೆಸರಾಂತ ಸಂಸ್ಥೆಗಳಿಂದ ತನಗೆ ಭಾರೀ ಬೇಡಿಕೆ ಬಂದಿದೆಯೆಂದು ಅದು ಸಾರಿತ್ತು. ಆ ಹೇಳಿಕೆಗಳು ಮೇಲ್ನೋಟಕ್ಕೇ ದಾರಿ ತಪ್ಪಿಸುವಂಥವೆಂದು ಕಂಡುಕೊಂಡ ಸೆಬಿ 2024ರ ಡಿಸೆಂಬರ್ 23ರಂದು ಅದರ ವಹಿವಾಟನ್ನೇ ನಿಲ್ಲಿಸಿತು. ಒಂದು ಎಕರೆಯಲ್ಲಿ ಐದು ಕ್ವಿಂಟಲ್ ಬೆಳೆಯುತ್ತಿದ್ದ ಕಡಲೆ ಮುಂದಿನ ವರ್ಷ ಐದುನೂರು ಕ್ವಿಂಟಲ್ ಬಂತೆಂದು ನೆರೆಯವನು ಹೇಳಿದರೆ ನಾವು ಅವನ ಹೊಲವನ್ನು ಒಮ್ಮೆ ನೋಡಿ ಬರುತ್ತೇವೆ. ಷೇರಿನ ವಿಷಯದಲ್ಲಿ ಹೊಲ ನೋಡದೆ ಹಣ ಕೊಡುತ್ತೇವೆ.

“ಇಲ್ಲ ಸರ, ನಾವು ಪರೀಕ್ಷೆ ಮಾಡಿಯೇ ನಂಬಿದ್ದು, ಅವರು ಹೇಳಿದ್ದು ಆರು ಸಲವೂ ಖರೇ ಆತು” ಎನ್ನುವವರೂ ಇದ್ದಾರೆ. ಇದಕ್ಕೆ ಉತ್ತರ ನಮ್ಮ ಶಾಸ್ತ್ರದಲ್ಲಿಯೇ ಇದೆ. ಕ್ಷೇತ್ರ ಪ್ರಯೋಗದಲ್ಲಿ ನಾವು ಒಂದೇ ತಾಕಿನ ಇಳುವರಿ ನೋಡಿ ತಳಿಯನ್ನು ಹೊಗಳುವುದಿಲ್ಲ. ಎಲ್ಲ ತಾಕುಗಳ ಲೆಕ್ಕವನ್ನೂ ಮುಂದಿಡಬೇಕು, ಕೆಟ್ಟುಹೋದ ತಾಕಿನದನ್ನೂ ಸಹ. ಮೋಸಗಾರನು ಕೆಟ್ಟ ತಾಕುಗಳನ್ನು ಮುಚ್ಚಿಡುತ್ತಾನೆ. ಅವನ ಬಳಿ 6,400 ಫೋನ್ ನಂಬರುಗಳಿವೆಯೆನ್ನಿ. ಅರ್ಧ ಜನರಿಗೆ ‘ನಾಳೆ ಈ ಷೇರು ಏರುವುದು’ ಎಂದೂ ಉಳಿದರ್ಧಕ್ಕೆ ‘ಇಳಿಯುವುದು’ ಎಂದೂ ಬರೆಯುತ್ತಾನೆ. ಯಾವುದಾದರೊಂದು ನಿಜವಾಗಲೇಬೇಕು. ತಪ್ಪಾದ 3,200 ಜನರನ್ನು ಬಿಟ್ಟು ಉಳಿದ 3,200ರಲ್ಲಿ ಮತ್ತೆ ಅರ್ಧರ್ಧ ಮಾಡುತ್ತಾನೆ. 1,600, 800, 400, 200. ಆರನೆಯ ಸಲಕ್ಕೆ 100 ಜನ ಉಳಿಯುತ್ತಾರೆ. ಈ ನೂರು ಜನರ ಪಾಲಿಗೆ ಅವನು ಆರಕ್ಕೆ ಆರೂ ನಿಜ ನುಡಿದ ಜ್ಞಾನಿ. ಏಳನೆಯ ಸಂದೇಶದಲ್ಲಿ ಅವನು ಹಣ ಕೇಳುತ್ತಾನೆ. ಆ ನೂರರಲ್ಲಿ ನೀವು ಒಬ್ಬರಾಗಿದ್ದರೆ ಉಳಿದ 6,300 ಜನರಿಗೆ ಏನು ಬರೆದಿದ್ದನೆಂಬುದು ನಿಮಗೆ ಗೊತ್ತಾಗುವ ದಾರಿಯೇ ಇಲ್ಲ. ಬುದ್ಧಿವಂತರು ಪರೀಕ್ಷೆ ಮಾಡಿಯೂ ಬೀಳುವುದು ಹೀಗೆ.

ಈವರೆಗೆ ಹೇಳಿದ್ದು ಷೇರಾದರೂ ನಿಜವಾಗಿ ಇದ್ದ ಮೋಸ. ಷೇರೇ ಇಲ್ಲದ ಮೋಸ ಈಗ ಅದಕ್ಕಿಂತ ಹೆಚ್ಚಾಗಿದೆ. ವಾಟ್ಸಾಪ್ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಇನ್ನೂರು ಜನ ‘ನನಗೆ ಇಷ್ಟು ಬಂತು’ ಎಂದು ಬರೆಯುತ್ತಿರುತ್ತಾರೆ. ಅವರಲ್ಲಿ ನೂರಾತೊಂಬತ್ತು ಮಂದಿ ಅವರ ಕಡೆಯವರೇ ಆಗಿರಬಹುದು. ಆಮೇಲೆ ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ. ನೀವು ಐದು ಸಾವಿರ ಹಾಕಿದರೆ ಅದರಲ್ಲಿ ಎಂಟು ಸಾವಿರವೆಂದು ತೋರಿಸುತ್ತದೆ. ಮೊದಲ ಸಲ ಎರಡು ಸಾವಿರ ವಾಪಸೂ ಕೊಡುತ್ತಾರೆ, ಗಾಳಕ್ಕೆ ಎರೆಹುಳ ಸಿಕ್ಕಿಸಿದಂತೆ. ಐದು ಲಕ್ಷ ಹಾಕಿದ ಮೇಲೆ ತೆಗೆಯಹೋದರೆ ‘ಮೊದಲು ತೆರಿಗೆ ಕಟ್ಟಿರಿ’, ‘ಶುಲ್ಕ ಕಟ್ಟಿರಿ’. ಆ್ಯಪಿನಲ್ಲಿ ಕಾಣುವ ಅಂಕಿ ಬರೀ ಚಿತ್ರ. ಹಣ ಹೋದದ್ದು ಯಾರದೋ ಬ್ಯಾಂಕ್ ಖಾತೆಗೆ. ಕೇಂದ್ರ ಗೃಹ ಇಲಾಖೆಯ ಅಧೀನದ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2024ರ ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕೇ ತಿಂಗಳಲ್ಲಿ ಇಂಥ ಷೇರು ವಹಿವಾಟಿನ ಮೋಸದಿಂದ ಹೋದ ಹಣ 1,420 ಕೋಟಿ ರೂಪಾಯಿಗೂ ಹೆಚ್ಚೆಂದು ತಿಳಿಸಿತ್ತು. ದೂರುಗಳು 20,000ಕ್ಕೆ ಸ್ವಲ್ಪ ಮೇಲೆ. ಭಾಗಿಸಿ ನೋಡಿದರೆ ದೂರೊಂದಕ್ಕೆ ಸರಾಸರಿ ಏಳು ಲಕ್ಷ.

ದೊಡ್ಡವರ ಮುಖ ಕಂಡ ಮಾತ್ರಕ್ಕೆ ನಂಬತಕ್ಕದ್ದಲ್ಲ. ಕಂಪ್ಯೂಟರಿನಿಂದ ಮುಖವನ್ನೂ ದನಿಯನ್ನೂ ಹೊಂದಿಸಿ ಮಾಡಿದ ಸುಳ್ಳು ಚಿತ್ರಗಳಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿಯವರು ಹಣ ಹೂಡುವ ಆ್ಯಪುಗಳನ್ನು ಹೊಗಳಿದಂತೆ ತೋರಿಸಿದ್ದರು. ಇದು ತಾವಲ್ಲವೆಂದು 2023ರ ಡಿಸೆಂಬರಿನಲ್ಲಿ ಅವರೇ ಬಹಿರಂಗವಾಗಿ ಹೇಳಬೇಕಾಯಿತು.

ಇಲ್ಲಿ ಒಂದು ಸಣ್ಣ ಲೆಕ್ಕ. ತಿಂಗಳಿಗೆ ನೂರಕ್ಕೆ ಮೂವತ್ತು ಲಾಭವೆಂದು ಸಂದೇಶ ಹೇಳುತ್ತದೆ. ಅದು ನಿಜವಾದರೆ ಒಂದು ಲಕ್ಷ ರೂಪಾಯಿ ಒಂದು ವರ್ಷಕ್ಕೆ 23 ಲಕ್ಷ, ಎರಡು ವರ್ಷಕ್ಕೆ ಐದೂವರೆ ಕೋಟಿಯ ಸಮೀಪ ಆಗಬೇಕು. ಅಂಥ ವಿದ್ಯೆ ಬಲ್ಲವನಿಗೆ ಮುಂಡರಗಿಯ ರೈತನ ಐವತ್ತು ಸಾವಿರ ಏಕೆ ಬೇಕು? ಅವನು ತನ್ನ ಮನೆಯ ಬಂಗಾರ ಒತ್ತೆಯಿಟ್ಟು ತಾನೇ ಹೂಡಬಹುದಿತ್ತು.

ಷೇರುಪೇಟೆಯೆಂದರೆ ಜೂಜು, ರೈತ ಅತ್ತ ಸುಳಿಯಲೇಬಾರದು ಎಂದು ನಾನು ಹೇಳುವುದಿಲ್ಲ. ಮನೆ ಖರ್ಚು, ಬಿತ್ತನೆ, ಸಾಲದ ಕಂತು, ಮಕ್ಕಳ ಓದು ಇವೆಲ್ಲ ಕಳೆದು ಉಳಿದ ಹಣವನ್ನು ನೋಂದಾಯಿತ ಸಂಸ್ಥೆಗಳ ಮೂಲಕ ಹಲವು ವರ್ಷಗಳ ಲೆಕ್ಕದಲ್ಲಿ ತೊಡಗಿಸುವವರು ತೊಡಗಿಸಲಿ. ಆದರೆ ವಾಯಿದೆ ವ್ಯಾಪಾರ, ಆಪ್ಷನ್ ಎಂದು ಊರಿನ ಹುಡುಗರು ರಾತ್ರಿ ಹಗಲು ಮೊಬೈಲ್ ನೋಡುತ್ತ ಕೂಡುವುದು ಬೇರೆ ಮಾತು. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ವ್ಯಾಪಾರ ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಮಂದಿ ನಷ್ಟದಲ್ಲಿದ್ದರು. ಒಬ್ಬೊಬ್ಬರ ಸರಾಸರಿ ನಷ್ಟ ಸುಮಾರು ಎರಡು ಲಕ್ಷ. ಇದರಲ್ಲಿ ವಂಚನೆಯೇನೂ ಇಲ್ಲ, ಕಾಯ್ದೆಗೊಳಪಟ್ಟ ವ್ಯಾಪಾರವೇ. ನೂರರಲ್ಲಿ 93 ಕಾಳು ಮೊಳೆಯದ ಬೀಜವನ್ನು ನಾವಾರೂ ಹೊಲಕ್ಕೆ ಹಾಕುವುದಿಲ್ಲ.

ಬೀಜದ ಮಾತು ಬಂದುದರಿಂದ ಇನ್ನೊಂದು ಹೋಲಿಕೆ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರಬೇಕೆಂಬುದು ತಮಗೆಲ್ಲ ಗೊತ್ತು. ನಕಲಿ ಬೀಜ ಮಾರುವವನೂ ನೀಲಿ ಚೀಟಿ ಅಚ್ಚು ಹಾಕಿಸಿಕೊಳ್ಳುತ್ತಾನೆಂಬುದೂ ಗೊತ್ತು. ಸೆಬಿಯ ನೋಂದಣಿ ಸಂಖ್ಯೆಯೂ ಇದೇ ರೀತಿಯದು. ಸಂದೇಶದಲ್ಲಿ ಸಂಖ್ಯೆ, ಮುದ್ರೆ, ಪ್ರಮಾಣಪತ್ರ ಎಲ್ಲ ಇರುತ್ತವೆ. ಬೇರೆ ಯಾರದೋ ನಿಜವಾದ ಸಂಖ್ಯೆಯನ್ನು ಕದ್ದು ಹಾಕಿಕೊಳ್ಳುವುದೂ ಇದೆ. ಅವರು ಕಳಿಸಿದ ಕೊಂಡಿಯನ್ನು ಒತ್ತದೆ, ಸೆಬಿಯ ಜಾಲತಾಣವನ್ನು ತಾವೇ ತೆರೆದು ಆ ಸಂಖ್ಯೆ ಯಾರ ಹೆಸರಿನಲ್ಲಿದೆ, ಅವರ ಫೋನ್ ಯಾವುದು ಎಂದು ನೋಡಬೇಕು. 2025ರ ಅಕ್ಟೋಬರಿನಿಂದ ನೋಂದಾಯಿತ ಸಂಸ್ಥೆಗಳ ಯುಪಿಐ ವಿಳಾಸದಲ್ಲಿ ‘ವ್ಯಾಲಿಡ್’ ಎಂಬ ಗುರುತನ್ನೂ ಸೆಬಿ ಜಾರಿಗೆ ತಂದಿದೆ. ನಿಶ್ಚಿತ ಲಾಭದ ಭರವಸೆ ಕೊಡುವುದಕ್ಕೆ ನೋಂದಾಯಿತ ಸಲಹೆಗಾರರಿಗೆ ಅವಕಾಶವೇ ಇಲ್ಲ. ಆದುದರಿಂದ ಭರವಸೆ ಕಂಡಲ್ಲಿ ಸಂಖ್ಯೆಯನ್ನು ಪರೀಕ್ಷಿಸುವ ಶ್ರಮವೂ ಉಳಿಯಿತು.

ಈ ಕೆಲಸವನ್ನು ಒಂಟಿ ರೈತನ ಜಾಣತನಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ದೇಶಕ್ಕೆ ಮಾದರಿಯಾದ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ್ದು ಗದಗ ತಾಲೂಕಿನ ಕಣಗಿನಹಾಳದಲ್ಲಿ. ಸಾಹುಕಾರನ ಲೆಕ್ಕದ ವಹಿಯನ್ನು ಓದಲಾರದ ರೈತನಿಗೆ ಓದಬಹುದಾದ ಒಂದು ವಹಿಯನ್ನು ಅದು ಕೊಟ್ಟಿತು. ಇಂದು ಓದಲು ಬರುತ್ತದೆ, ಆದರೆ ವಹಿಯೇ ಕಣ್ಣಿಗೆ ಬೀಳುವುದಿಲ್ಲ. ಪ್ರಾಥಮಿಕ ಸಂಘದ ಕಾರ್ಯದರ್ಶಿ, ಬ್ಯಾಂಕಿನ ಕ್ಷೇತ್ರಾಧಿಕಾರಿ, ಪಿಯುಸಿ ಓದುವ ಮಗಳು ಇವರಲ್ಲಿ ಯಾರಾದರೊಬ್ಬರಿಗೆ ತೋರಿಸದೆ ಹತ್ತು ಸಾವಿರಕ್ಕೆ ಮೇಲ್ಪಟ್ಟ ಹಣವನ್ನು ಮೊಬೈಲಿನಿಂದ ಅಪರಿಚಿತರಿಗೆ ಕಳಿಸುವುದಿಲ್ಲ ಎಂಬ ಕಟ್ಟಳೆಯನ್ನು ಸ್ವಸಹಾಯ ಸಂಘಗಳು, ರೈತ ಉತ್ಪಾದಕ ಕಂಪನಿಗಳು ಮಾಡಿಕೊಳ್ಳಬಹುದು. ‘ಯಾರಿಗೂ ಹೇಳಬೇಡಿ, ಇದು ಆಯ್ದ ಕೆಲವರಿಗೆ ಮಾತ್ರ’ ಎಂದು ಈ ಸಂದೇಶಗಳು ಹೇಳುವುದು ಸುಮ್ಮನೆ ಅಲ್ಲ. ನಮ್ಮ ತರಬೇತಿಗಳಲ್ಲಿಯೂ ಅರ್ಧ ತಾಸು ಇದಕ್ಕೆ ಮೀಸಲಿಡಬೇಕು. ಕಟ್ಟೆಕಡೆಯ ಅರ್ಧ ತಾಸಲ್ಲ, ಅಷ್ಟರೊಳಗೆ ಎಲ್ಲರೂ ಬಸ್ಸಿಗೆ ಹೊರಟಿರುತ್ತಾರೆ.

ಪಿ.ಎ.ಸಿ.ಎಲ್. ಕಂಪನಿ ಕೃಷಿ ಭೂಮಿಯ ಹೆಸರಿನಲ್ಲಿ 5.85 ಕೋಟಿ ಜನರಿಂದ 49,100 ಕೋಟಿ ರೂಪಾಯಿ ಎತ್ತಿದ್ದು, ಅದನ್ನು ಮರಳಿಸಲು 2014ರ ಆಗಸ್ಟಿನಲ್ಲಿ ಸೆಬಿ ಆದೇಶಿಸಿದ್ದು ಹಲವರಿಗೆ ನೆನಪಿದೆ. ಅಂಥ ಕಂಪನಿಗಳಿಗೆ ಊರಲ್ಲಿ ಒಬ್ಬ ಏಜೆಂಟನಾದರೂ ಇರುತ್ತಿದ್ದ; ಮನೆಯ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಈಗಿನವನಿಗೆ ಊರೂ ಇಲ್ಲ, ಬಾಗಿಲೂ ಇಲ್ಲ.

ಅವನಿಗೆ ಊರಲ್ಲಿ ಬೇಕಾದದ್ದು ಒಂದೇ, ನಿಮ್ಮ ಬ್ಯಾಂಕ್ ಖಾತೆ. ಹಣ ಕಳೆದುಕೊಳ್ಳುವುದಕ್ಕಿಂತ ಇದು ಹೆಚ್ಚು ಅಪಾಯದ ವಿಷಯವಾದ್ದರಿಂದ ಒತ್ತಿ ಹೇಳುತ್ತೇನೆ. ಕೆಲಸವಿಲ್ಲದ ಹುಡುಗರಿಗೆ ‘ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎನ್ನುವವರಿದ್ದಾರೆ. ಬೇರೆಯವರಿಂದ ದೋಚಿದ ಹಣ ಹಾದುಹೋಗುವುದು ಇಂಥ ಬಾಡಿಗೆ ಖಾತೆಗಳ ಮೂಲಕ. ಪೊಲೀಸರು ಮೊದಲು ಬರುವುದು ಖಾತೆಯ ಮೇಲೆ ಹೆಸರಿದ್ದವನ ಮನೆಗೆ. ಖಾತೆ ಸ್ತಂಭನವಾದರೆ ಅದಕ್ಕೆ ಬರಬೇಕಾದ ಬೆಳೆ ವಿಮೆ, ಕಿಸಾನ್ ಸಮ್ಮಾನ್, ಮಾಲು ಮಾರಿದ ಹಣ ಎಲ್ಲವೂ ಅಲ್ಲಿಯೇ ನಿಲ್ಲುತ್ತವೆ. ಮನೆಯ ಹುಡುಗರಿಗೆ ಇದನ್ನು ಇಂದೇ ತಿಳಿಹೇಳಿರಿ.

ಈಗಾಗಲೇ ಹಣ ಕಳಿಸಿದ್ದರೆ ನಾಚಿಕೆಪಟ್ಟು ಎರಡು ದಿನ ಸುಮ್ಮನಿರಬೇಡಿ. ತೆರಿಗೆ, ಶುಲ್ಕ ಎಂದು ಮತ್ತೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೂಡಲೇ 1930 ಎಂಬ ಸಂಖ್ಯೆಗೆ ಫೋನ್ ಮಾಡಿ, ಹಣ ಹೋದ ದಿನ, ವೇಳೆ, ಮೊತ್ತ, ವ್ಯವಹಾರದ ಸಂಖ್ಯೆ ಹೇಳಿರಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಿಳಿಸಿದರೆ ಬ್ಯಾಂಕಿನವರು ಅದನ್ನು ತಡೆಹಿಡಿಯುವ ಸಾಧ್ಯತೆ ಇದೆ. ಮೊದಲ ಒಂದೆರಡು ತಾಸು ಅತ್ಯಂತ ಮಹತ್ವದ್ದು. ಬಳಿಕ ತಮ್ಮ ಬ್ಯಾಂಕಿಗೂ, ಜಿಲ್ಲಾ ಕೇಂದ್ರದ ಸಿ.ಇ.ಎನ್. ಪೊಲೀಸ್ ಠಾಣೆಗೂ ಬರೆದು ಕೊಡಿರಿ. ಸಂದೇಶಗಳನ್ನು ಸಿಟ್ಟಿನಿಂದ ಅಳಿಸಿಹಾಕಬೇಡಿ, ಗುಂಪಿನ ಹೆಸರು, ಅವರು ಕೊಟ್ಟ ಖಾತೆ ಸಂಖ್ಯೆ, ಆ್ಯಪಿನ ಚಿತ್ರ ಎಲ್ಲವೂ ಠಾಣೆಯಲ್ಲಿ ಬೇಕಾಗುತ್ತವೆ.